ಕರಪತ್ರದಲ್ಲಿ ಒಂದು ಸಾಲು

ಚುನಾವಣೆಗೆ ನಿಂತಿರುವ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಚರಿತ್ರೆಯಲ್ಲಿ ಬರೆದಿಡಬೇಕಾದ ಸುದ್ದಿ: ನಿನ್ನ ಕರಪತ್ರದ ಕರಡಿನಲ್ಲಿ ಒಂದೇ ಒಂದು ಸಾಲು ಬದಲಾಗಿದೆ.

ನಮ್ಮ ಪ್ರೆಸ್ಸಿನ ಪದ್ಧತಿ ನಿನಗೆ ಗೊತ್ತಲ್ಲ, ಹಣ ಕೊಡುವವರೇ ಕರಡು ನೋಡಿ ಸಹಿ ಹಾಕಬೇಕು. ನಿನ್ನ ಖರ್ಚೆಲ್ಲ ಕಲ್ಲು ಕ್ವಾರಿ ಮಾಲೀಕರ ಸಂಘದ್ದು. ಕರಡೂ ಅಲ್ಲಿಗೇ ಹೋಯಿತು. ಸಂಘದ ಕಾರ್ಯದರ್ಶಿಗಳು ಕೆಂಪು ಪೆನ್ನು ಹಿಡಿದು ದಯಮಾಡಿಸಿದರು. ‘ಶಾಲೆಯ ಪಕ್ಕದ ಕ್ವಾರಿ ಮುಚ್ಚಿಸುತ್ತೇನೆ’ ಎಂಬ ನಿನ್ನ ಭರವಸೆಯನ್ನು ಹೊಡೆದುಹಾಕಿ, ‘ಕ್ವಾರಿಯ ಪಕ್ಕದ ಶಾಲೆಯನ್ನು ಊರಾಚೆ ಸಾಗಿಸುತ್ತೇನೆ’ ಎಂದು ಬರೆದರು.

“ನಮ್ಮ ತಮ್ಮನ್ನ ಒಂದು ಮಾತು ಕೇಳ್ಬೇಡ್ವಾ?” ಎಂದೆ.

“ಅವರನ್ನೇನಮ್ಮ ಕೇಳೋದು? ಫೋಟೋದಲ್ಲಿ ಇದ್ದಾರಲ್ಲ!” ಎಂದರು.

ಫೋನು ಮಾಡಿದರೆ ನೀನೂ, “ಹಂಗೇ ಹಾಕ್ಬಿಡಕ್ಕಾ, ದೊಡ್ಡವರು ಹೇಳಿದ್ಮೇಲೆ ಮುಗೀತು” ಎಂದೆ. ಆಗ ನನ್ನ ಮಗಳು ಶಾಲೆಯಿಂದ ಕೆಮ್ಮುತ್ತಾ ಬಂದು, “ಮಾವ ಗೆದ್ರೆ ಧೂಳು ನಿಲ್ಲತ್ತಾ?” ಎಂದು ಕೇಳುತ್ತಿದ್ದಳು.

ಆ ಸಾಲನ್ನು ನಾನು ಅಚ್ಚು ಹಾಕುವುದಿಲ್ಲ. ಕರಡನ್ನು ನಿನ್ನ ದೊಡ್ಡವರಿಗೇ ವಾಪಸು ಕಳಿಸಿದ್ದೇನೆ.

ಒಂದು ಸಣ್ಣ ಉಪಕಾರ ಮಾಡು. ನಿನ್ನ ಮುಖವಿರುವ ದೊಡ್ಡ ಬ್ಯಾನರೊಂದನ್ನು ಕಳಿಸಿಕೊಡು. ಮಗಳ ತರಗತಿಯ ಕಿಟಕಿಗೆ ಕಟ್ಟಿದರೆ ಧೂಳಾದರೂ ತಡೆಯುತ್ತದೆ. ಮುಖವನ್ನು ಕ್ವಾರಿಯ ಕಡೆಗೇ ತಿರುಗಿಸಿ ಕಟ್ಟುತ್ತೇನೆ, ಚಿಂತೆ ಬೇಡ.

ಇಂತಿ,
ನಿನ್ನ ಅಕ್ಕ