ಕೊರಕಲನ್ನು ನನ್ನಿಂದ ಮುಚ್ಚಿಟ್ಟ ಭಾವನಿಗೆ

ಪ್ರೀತಿಯ ಭಾವ,

ನೀವು ಆರಾಮಾಗಿದ್ದೀರೆಂದು, ದಿನವಿಡೀ ಮನೆಯ ಬಾಗಿಲು ರಿಪೇರಿ ಮಾಡುತ್ತೀರೆಂದು ಅಕ್ಕ ಫೋನಿನಲ್ಲಿ ಹೇಳಿದಳು. ನಂಬಿಕೆ ಬರಲಿಲ್ಲ. ಸರಿಯಿರುವ ಬಾಗಿಲನ್ನೇ ಬಿಚ್ಚಿ ಜೋಡಿಸುತ್ತ ಕೂತಿರುವ ಗಂಡಸು ಆರಾಮಾಗಿರುವುದು ಹೇಗೆ? ನನ್ನ ವರದಿಯಿಂದ ನಿಮ್ಮ ಕೆಲಸ ಹೋಯಿತು. ಕ್ಷಮೆ ಕೇಳಲು ಈ ಪತ್ರ ಬರೆಯುತ್ತಿಲ್ಲ. ಬರೆದದ್ದು ಸತ್ಯವೇ. ಆದರೆ ಆ ಸತ್ಯ ನನ್ನ ಕೈಗೆ ಸಿಕ್ಕಿದ ಬಗೆ ಮಾತ್ರ ಗಂಟಲಲ್ಲಿ ಮುಳ್ಳಾಗಿದೆ.

ಕಲ್ಲಿದ್ದಲು ತೆಗೆದು ಬಿಟ್ಟ ಗುಡ್ಡದ ಮೇಲೆ ಹಸಿರು ಬೆಳೆಸುವುದು ನಿಮ್ಮ ಕೆಲಸ. ಬೆಳೆದದ್ದು ನಿಜವಾಗಿ ನೆಲ ಹಿಡಿದಿದೆಯೇ ಎಂದು ನೋಡುವುದು ನನ್ನದು. ನಾನು ಹೂಂ ಎಂದರೆ ಗಣಿ ಕಂಪನಿ ಕೈ ತೊಳೆದುಕೊಂಡು ಹೋಗಬಹುದು. ನಮ್ಮ ಸಂಬಂಧದ ವಿಷಯ ಮೊದಲೇ ನನ್ನ ಕಚೇರಿಗೆ ತಿಳಿಸಿದ್ದೆ. ಅವರು ಜೊತೆಗೊಬ್ಬ ಮಣ್ಣಿನ ತಜ್ಞರನ್ನು ಹಾಕಿ ನನ್ನನ್ನೇ ಕಳಿಸಿದರು.

ಅತಿಥಿಗೃಹದ ಕಿಟಕಿಯಿಂದ ನೋಡಿದಾಗಲೇ ಅನುಮಾನ ಶುರುವಾಯಿತು. ಸುಡುಬೇಸಿಗೆಯಲ್ಲಿ ಗುಡ್ಡ ಹೊಸ ಬಣ್ಣ ಬಳಿದ ಗೋಡೆಯ ಹಾಗೆ ಹಸಿರಾಗಿತ್ತು. ಹತ್ತಿರ ಹೋದರೆ ಎಲ್ಲ ಗಿಡಗಳೂ ಒಂದೇ ಎತ್ತರ, ಶಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು. ಹುಳ ತಿಂದ ಒಂದು ಎಲೆಯೂ ಇಲ್ಲ. ಹುಳಕ್ಕೂ ಬೇಡವಾದ ಎಲೆ ಎಂಥ ಎಲೆ?

ಆ ಸಂಜೆ ಮನೆಗೆ ಊಟಕ್ಕೆ ಕರೆದಿರಿ. ಅಕ್ಕ ಬೇಡವೆಂದರೂ ಮತ್ತೆ ಬಡಿಸಿದಾಗ, ದೇವರಾಣೆ, ಅದರ ಮೇಲೂ ಅನುಮಾನ ಬಂತು. ನೀವು ತಟ್ಟೆಯಿಂದ ತಲೆಯೆತ್ತದೆ ಕೇಳಿದಿರಿ: "ನಾಳೆ ಯಾವ ಕಡೆ ನೋಡ್ತೀಯಮ್ಮ?" ಉತ್ತರದ ಇಳಿಜಾರು ಎಂದೆ. ಬೆಳಿಗ್ಗೆ ಹೋದಾಗ ಅಲ್ಲಿಯ ಮಣ್ಣು ಒದ್ದೆಯಾಗಿತ್ತು. ರಾತ್ರಿ ಮೋಡವೂ ಇರಲಿಲ್ಲ. ನಿಮ್ಮನ್ನೂ ತಜ್ಞರನ್ನೂ ಕೂರಿಸಿಕೊಂಡು ಜೀಪು ತಿರುಗಿಸಿ ದಕ್ಷಿಣಕ್ಕೆ ಹೋದೆ.

ಅಲ್ಲಿ ಒಂದು ಗಿಡ ಹಿಡಿದು ಎಳೆದೆ. ಕೂದಲೆಳೆಯಷ್ಟೂ ತಕರಾರಿಲ್ಲದೆ ಕೈಗೆ ಬಂತು. ಬೇರಿಗೆ ಸಸಿಯ ಪ್ಲಾಸ್ಟಿಕ್ ಚೀಲ ಹಾಗೇ ಅಂಟಿತ್ತು. ಇನ್ನೊಂದು ಎಳೆದೆ, ಅದೂ ಹಾಗೆಯೇ. ನಾನು ನಿಮ್ಮ ಮುಖ ನೋಡಿದೆ. ಸಿಕ್ಕಿಬಿದ್ದವರ ಮುಖ ನನಗೆ ಗೊತ್ತು ಭಾವ, ನನ್ನ ಕಸುಬೇ ಅದು. ನಿಮ್ಮದು ಅಂಥ ಮುಖವಾಗಿರಲಿಲ್ಲ. ತಲೆಯ ಭಾರ ಇಳಿಸಿದವರಂತೆ ಉಸಿರು ಬಿಟ್ಟಿರಿ. ನನ್ನ ಮೈಯೆಲ್ಲ ಕಿವಿಯಾಯಿತು.

ಪಶ್ಚಿಮಕ್ಕೆ ಹೋಗೋಣ ಎಂದೆ. ಆಗ ಮಾತ್ರ ನೀವು ಬೆಚ್ಚಿದಿರಿ. "ಅಲ್ಲೇನಿದೆ ಮಣ್ಣು? ಬರೀ ಕೊರಕಲು. ಕಾಲು ಜಾರುತ್ತೆ." ಜಾರಿದರೆ ಜಾರಲಿ ಎಂದು, ತಜ್ಞರನ್ನು ಮೇಲೆಯೇ ಬಿಟ್ಟು ಒಬ್ಬಳೇ ಇಳಿದೆ.

ಕೆಳಗೆ ಸಾಲುಗಳೇ ಇರಲಿಲ್ಲ. ಮುಳ್ಳುಪೊದೆ, ಎದೆಯೆತ್ತರದ ಹುಲ್ಲು, ಅಡ್ಡಾದಿಡ್ಡಿ ಮರಗಳು, ಅವುಗಳ ಬುಡದಲ್ಲಿ ತಾವಾಗಿ ಹುಟ್ಟಿದ ಮರಿಗಿಡಗಳು. ಎಲೆಗಳೆಲ್ಲ ಹುಳ ತಿಂದು ಜರಡಿಯಾಗಿದ್ದವು. ಕೊಳೆತ ಎಲೆಯ ಕೆಳಗೆ ಕೈ ಹಾಕಿದರೆ ತಂಪು, ಎರೆಹುಳ. ಕಲ್ಲಿದ್ದಲು ಅಗೆದ ನೆಲದ ಮೇಲೆ ನಾನು ಕಂಡ ಮೊದಲ ಕಾಡು ಅದು. ನನಗೆ ಅಳು ಬಂತು, ಹಿಂದೆಯೇ ಸಿಟ್ಟು ಬಂತು.

ನೀವು ಏದುಸಿರು ಬಿಡುತ್ತ ಇಳಿದು ಬಂದಿರಿ. ಗಣಿ ಅಗೆಯುವ ಮುಂಚಿನ ಮೇಲ್ಮಣ್ಣನ್ನು ಇಲ್ಲಿ ಉಳಿಸಿ ಹರಡಿದ್ದಾಗಿ ಹೇಳಿದಿರಿ. ಮತ್ತೆ ಇದನ್ನೇ ಯಾಕೆ ಮುಚ್ಚಿಟ್ಟಿರಿ ಎಂದು ಕೂಗಾಡಿದೆ.

"ಇದನ್ನೂ ಸೇರಿಸಿ ಸರಾಸರಿ ತೆಗೆದ್ರೆ ಗುಡ್ಡ ಪಾಸಾಗುತ್ತೆ. ಪಾಸಾದ್ರೆ ಕಂಪನಿಯವರು ಬೀಗ ಜಡಿದು ಹೋಗ್ತಾರೆ. ಉಳಿದ ನೆಲಕ್ಕೆ ಗತಿ ಯಾರು? ಮೇಲಿನವರು ನೀನು ಬರೋದ್ರೊಳಗೆ ಹಸಿರು ಮಾಡು ಅಂದ್ರು. ಮಾಡಿದೆ. ಚೀಲ ಮಾತ್ರ ಬಿಚ್ಚಲಿಲ್ಲ. ನೀನು ಎಳೆದು ನೋಡದೆ ಬಿಡೋಳಲ್ಲ ಅಂತ ಗೊತ್ತಿತ್ತು."

ನಾನು ನಂಬಲಿಲ್ಲ. ಕೆಟ್ಟ ಕೆಲಸ ಬಯಲಾದ ಮೇಲೆ ಒಳ್ಳೆಯ ಕಾರಣ ಹುಟ್ಟುವುದನ್ನು ಬಹಳ ಕಂಡಿದ್ದೇನೆ. ಕಣ್ಣಾರೆ ಕಂಡಷ್ಟನ್ನೇ ಬರೆದೆ: ಕೊರಕಲು ಬದುಕಿದೆ, ಗುಡ್ಡ ಬದುಕಿಲ್ಲ, ಎರಡನ್ನೂ ಬೆರೆಸಿ ಸರಾಸರಿ ತೆಗೆಯಬಾರದು, ಬಿಡುಗಡೆ ಕೊಡಬಾರದು. ಚೀಲಗಳ ವಿಷಯಕ್ಕೆ ಮ್ಯಾನೇಜರು ನಿಮ್ಮನ್ನು ಮನೆಗೆ ಕಳಿಸಿದರು.

ನಿನ್ನೆ ಅಕ್ಕ ಮಾತಿನ ನಡುವೆ ಬಾಯಿ ಜಾರಿದಳು. ಆ ಗಿಡ ನೆಡುವ ದಿನ, ಚೀಲ ತೆಗೆಯುವುದಿಲ್ಲವೇ ಎಂದು ಕೇಳಿದ್ದಳಂತೆ. "ಇರಲಿ ಬಿಡು, ನಿನ್ನ ತಂಗಿಗೂ ಏನಾದ್ರೂ ಕೆಲಸ ಬೇಡ್ವಾ?" ಎಂದಿರಂತೆ. ಅಂದರೆ ನೀವು ಹೇಳಿದ್ದು ನಿಜ. ಅಂದರೆ ಅಕ್ಕ ಎಲ್ಲ ಗೊತ್ತಿದ್ದೂ ನಗುತ್ತ ಬಡಿಸಿದಳು. ಗಂಡ ಹೆಂಡತಿ ಸೇರಿ ನನ್ನ ಅನುಮಾನವನ್ನೇ ಗುದ್ದಲಿ ಮಾಡಿಕೊಂಡಿರಿ. ಬಾಯಿಬಿಟ್ಟು ಹೇಳಿದ್ದರೆ ನನ್ನ ವರದಿ ಭಾವನ ಮಾತಾಗುತ್ತಿತ್ತು, ಒಪ್ಪುತ್ತೇನೆ. ಆದರೂ ಸಿಟ್ಟು ಇಳಿದಿಲ್ಲ.

ನಿಮ್ಮ ಜಾಗಕ್ಕೆ ಬಂದ ಹೊಸಬನ ಕೈಯಲ್ಲಿ ಹುಲ್ಲೂ ಹುಟ್ಟುತ್ತಿಲ್ಲವಂತೆ. ಮ್ಯಾನೇಜರು ಮನೆಗೇ ಬಂದು ಮತ್ತೆ ಕರೆದರಂತೆ. ನೀವು ಯೋಚನೆ ಮಾಡುತ್ತೇನೆ ಎಂದಿರಂತೆ. ಯೋಚಿಸಬೇಡಿ, ಹೋಗಿ. ಮರುಪರೀಕ್ಷೆಗೆ ನಾನೇ ಬರುತ್ತೇನೆ. ಯಾವ ದಿನ, ಯಾವ ಇಳಿಜಾರು ಎಂದು ಯಾರಿಗೂ ಹೇಳುವುದಿಲ್ಲ, ನಿಮಗಂತೂ ಇಲ್ಲವೇ ಇಲ್ಲ. ನಿಮ್ಮ ಮನೆಯಲ್ಲಿ ನೀರೂ ಕುಡಿಯುವುದಿಲ್ಲ. ಕೆಲಸ ಮುಗಿದ ಮೇಲೆ ಹೊಟ್ಟೆ ತುಂಬ ಉಣ್ಣುತ್ತೇನೆ.

ನಿಮ್ಮ ಕೈಯಿಂದ ನೆಟ್ಟದ್ದು ಆಳಕ್ಕಿಳಿಯಲಿ. ನಾನು ಎರಡೂ ಕೈಯಿಂದ ಎಳೆದರೂ ಬಾರದಿರಲಿ.

ಇನ್ನೂ ಪೂರ್ತಿ ನಂಬದ,
ನಿಮ್ಮ ನಾದಿನಿ