ಚಿನ್ನ ಕಟ್ಟಿ

ಮಾಧವರಂ, ಚೆನ್ನೈ
೧೮-೨-೨೦೦೧

ಪ್ರೀತಿಯ ಸುಮೇಧಾ,

ನೀನೂ ಮಗುವೂ ಚೆನ್ನಾಗಿದ್ದೀರಿ ತಾನೆ? ನಿನ್ನ ಎರಡು ಕಾಗದಗಳಿಗೂ ಉತ್ತರಿಸಲಿಲ್ಲವೆಂದು ಮುನಿಯಬೇಡ. ಮೂಗಿನ ತುಂಬ ಹತ್ತಿ ತುರುಕಿಸಿಕೊಂಡು ಮಲಗಿದ್ದೆ! ಹೌದು ಕಣೇ, ಮೂಗಿನೊಳಗಿಂದಲೇ ಮಾಡುವ ಆಪರೇಷನ್, ಮುಗಿಯಿತು. ತಲೆನೋವು ಹೋಯಿತು. ಹೋಯಿತು ಅಂದರೆ ಹೋಯಿತು! ಕಿಟಕಿಯ ಪರದೆ ಪೂರ್ತಿ ಸರಿಸಿ, ಬಿಸಿಲಲ್ಲೇ ಕೂತು ಬರೆಯುತ್ತಿದ್ದೇನೆ.

ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ. ಸ್ಕ್ಯಾನ್ ನೋಡಿದ ನರ್ಸು "ಚಿನ್ನ ಕಟ್ಟಿ ದಾನ್" ಅಂದಳು. ತಮಿಳಿನಲ್ಲಿ ಹಾಗೆಂದರೆ ಚಿಕ್ಕ ಗಡ್ಡೆ. ಮಂಡ್ಯದಿಂದ ಬಂದಿದ್ದ ಚಿಕ್ಕಮ್ಮ ಶಿವಲಿಂಗಮ್ಮ ಕಣ್ಣರಳಿಸಿ, "ತಲೆವೊಳ್ಗೆ ಚಿನ್ನದ ಗಟ್ಟಿನಾ? ಹಂಗಾದ್ರೆ ತಗ್ದಿದ್ನ ನಮ್ ಕೈಗೇ ಕೊಡ್ಲಿ ಕನವ್ವ!" ಅನ್ನಬೇಕೆ! ನಕ್ಕೂ ನಕ್ಕೂ ನೋವು ಇನ್ನಷ್ಟು ಏರಿತು.

ಇವರು ಮಾತ್ರ ನಗಲಿಲ್ಲ. "ಕೇಳಿದ್ಯಾ? ಕಡಲೆಕಾಳಷ್ಟಿದೆಯಂತೆ. ಇದಕ್ಕಾ ಇಷ್ಟು ರಂಪ?" ಎಂದರು. ಗಡ್ಡೆ ಚಿಕ್ಕದು, ಹಾಗಾಗಿ ನೋವೂ ಚಿಕ್ಕದು ಎಂದು ಇವರ ಲೆಕ್ಕ.

ಈಗ ಕೇಳು. ಆಪರೇಷನ್ ಮಾಡುವಾಗ ಡಾಕ್ಟರ್ ತಿರುಮಲ ಗಡ್ಡೆಯಿದ್ದ ಗೂಡಿನ ಒತ್ತಡವನ್ನೇ ಅಳೆದರಂತೆ! ಅವರು ತಲೆಮಾರುಗಳಿಂದ ಇಲ್ಲೇ ಇರುವ ಕನ್ನಡದವರು. ಹೊರಗೆ ಬಂದು ಇವರಿಗೆ ಹೇಳಿದರಂತೆ: "ಸೈಜ್ ಚಿಕ್ಕದು ದಾನ್ ಸಾರ್, ಆನಾ ಪ್ರೆಷರ್ ರೊಂಬ ಜಾಸ್ತಿ. ಸುತ್ತ ಮೂಳೆ, ಉಬ್ಬೋಕೆ ಜಾಗ ಇಲ್ಲೆ. ಇದಕ್ಕಿಂತ ದೊಡ್ಡ ಗಡ್ಡೆ ಇಟ್ಕೊಂಡು ತಲೆನೋವೇ ಇಲ್ದೆ ಓಡಾಡೋರಿದಾರೆ."

ಇವರಿಗೆ ಎಣ್ಣೂರಿನ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರಿನ ಗೇಜ್ ನೋಡುವುದೇ ಕೆಲಸವಲ್ಲವೇ, ಮುಖ ಬಿಳಿಚಿಕೊಂಡಿತಂತೆ. "ಅಯ್ಯೋ ಸಾರ್, ಸೇಫ್ಟಿ ವಾಲ್ವೇ ಇಲ್ವಾ?" ಎಂದು ಅಲ್ಲೇ ಬೆಂಚಿನ ಮೇಲೆ ಕುಸಿದರಂತೆ. ಚಿಕ್ಕಮ್ಮ ಇದನ್ನು ಅಭಿನಯಿಸಿಯೇ ತೋರಿಸಿದಳು. ನಾನು ನಾಟಕ ಆಡಿರಲಿಲ್ಲ ಕಣೇ! ಇನ್ನು ಯಾರೂ ಹಾಗನ್ನುವಂತಿಲ್ಲ. ಈಗ ಇವರು ಮನೆಗೆ ಬಂದವರಿಗೆಲ್ಲ ನನ್ನ ಪ್ರೆಷರ್ ಎಷ್ಟಿತ್ತೆಂದು ಹೆಮ್ಮೆಯಿಂದ ಹೇಳುತ್ತಾರೆ.

ನಿನ್ನ ಮಗಳು ನಕ್ಕುನಲಿಯುತ್ತ ಬೆಳೆಯಲಿ, ನಿಮ್ಮ ಮನೆ ತಣ್ಣಗಿರಲಿ.

ನಿನ್ನ
ಬೃಂದಾ

ತಾ.ಕ.: ನಿನ್ನೆ ಇವರು ಹಣೆ ಮುಟ್ಟಿ, "ನೋಯ್ತಿದ್ಯಾ?" ಎಂದರು. ನೋವಿದ್ದ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಹಾಗೆ ಕೇಳಿರಲಿಲ್ಲ. "ಇಲ್ಲ" ಎಂದು ಹೇಳಿ ಬಚ್ಚಲಿಗೆ ಹೋಗಿ ಅತ್ತೆ. ಗೇಜ್ ಹೇಳಿದ ಮೇಲೆ ನಂಬಿದರು. ನಾನು ಹೇಳಿದಾಗಲೇ ನಂಬಬಹುದಿತ್ತಲ್ಲವೇ, ಸುಮಿ?