ಅಕ್ಕಿಪೆಟ್ಟಿಗೆಯ ಹಿಂದಿನ ಗೂಡು

ಮಲಕ್ಕಾ
ಮರಿಯಮ್ಮನ ಹುಟ್ಟುಹಬ್ಬದ ಮರುದಿನ, 1662

ಮಗನೇ ಗಾಸ್ಪರ್,

ಮೊದಲು ಆ ಗರಿಯ ಟೋಪಿ ತೆಗೆದಿಟ್ಟು, ಕುಳಿತು ಓದು. ಬಟಾವಿಯಾದ ಡಚ್ಚರ ಗೋದಾಮಿನಲ್ಲಿ ದಿನವಿಡೀ ಬರೆಯುವವನಿಗೆ, ಸಾಕಿದ ಅಜ್ಜಿಗೆ ಎರಡು ಸಾಲು ಗೀಚಲು ಶಾಯಿ ಸಾಲದೇ? ಮೈಗೆ ಹುಷಾರಾಗಿದ್ದೀಯ ತಾನೆ? ಅಲ್ಲಿಯ ಕಾಲುವೆ ನೀರು ಕೆಟ್ಟದ್ದಂತೆ, ಕುದಿಸಿ ಕುಡಿ. ನನ್ನ ಕೆಮ್ಮು ನನ್ನ ಜೊತೆಗೇ ಇದೆ. ನೀನು ಕಳಿಸಿದ ಡಚ್ಚರ ಚೀಸನ್ನು ಬೆಕ್ಕು ಮೂಸಿ ನೋಡಿ ಹೋಯಿತು. ಗುಮಾಸ್ತಿಕೆಗಾಗಿ ಅವರ ಚರ್ಚಿಗೆ ಸೇರಿದೆನೆಂದು ನೀನು ಹಿಂದೊಮ್ಮೆ ಬರೆದಿದ್ದೆ. ಸೇರಿದರೆ ಸೇರಿದೆ. ಹೊಟ್ಟೆಗೂ ಒಂದು ಧರ್ಮ ಬೇಕಲ್ಲ.

ಇಲ್ಲಿ ಕೋಟೆಯ ಡಚ್ಚರು ಬಹಳ ಉದಾರಿಗಳು. ಚೀನೀಯರ ಗುಡಿಯಲ್ಲಿ ಊದುಬತ್ತಿ ಉರಿಯುತ್ತದೆ, ಮಸೀದಿಯಲ್ಲಿ ಬಾಂಗ್ ಕೂಗುತ್ತಾರೆ, ತಮಿಳು ಚೆಟ್ಟಿಗಳ ಗಣಪತಿ ಪಿಳ್ಳೈಯಾರನಿಗೆ ಗಂಟೆ ಬಾರಿಸುತ್ತಾರೆ. ಮೆಣಸು, ಬಟ್ಟೆ, ತವರ ತರುವವರ ದೇವರಿಗೆಲ್ಲ ಜಾಗವಿದೆ. ಅವರದೇ ಏಸುವಿನ ಹೆಸರು ಹೇಳುವ ನಾವು ಕ್ಯಾಥೊಲಿಕರು ಮಾತ್ರ ಅವರು ಓಡಿಸಿದ ಪೋರ್ಚುಗೀಸರ ಕಡೆಯವರಂತೆ. ಜಪಮಾಲೆ ಹಿಡಿದರೂ ತಪ್ಪು. ನಾವು ಮಾರುವುದು ಒಣಸಿಗಡಿ, ಅದರಿಂದ ಯಾವ ಹಡಗು ತುಂಬಬೇಕು?

ಹಬ್ಬಕ್ಕೆ ಮುಂಚೆ ಏಸುವಿನ ತಾಯಿ, ನಮ್ಮ ಮರಿಯಮ್ಮನ ಮೂರ್ತಿ ಹುಡುಕಿಕೊಂಡು ಸಿಪಾಯಿಗಳು ಬಂದರು. ಸಿಕ್ಕಿದ್ದರೆ ಅವಳು ಬೆಂಕಿಗೆ, ನಾನು ಸೆರೆಗೆ. ಪ್ರತಿ ಹಬ್ಬಕ್ಕೂ ಅವಳಿಗೆ ಹೊಸ ಲಂಗ ಹೊಲಿಯುವುದು ನಿನಗೆ ನೆನಪಿರಬೇಕು. ಈ ಸಲ ನನ್ನ ಕಣ್ಣು ಮಂಜಾಗಿ, ಕೇರಿಯ ಚೆಟ್ಟಿಯೊಬ್ಬನ ಹೆಂಡತಿ ತಾನೇ ಹೊಲಿಯುತ್ತೇನೆಂದು ಅಳತೆಗೆ ಮೂರ್ತಿಯನ್ನೇ ಒಯ್ದಿದ್ದಳು. ಯಾವ ಚೆಟ್ಟಿ ಎಂದು ಬರೆಯುವುದಿಲ್ಲ. ನಮ್ಮಲ್ಲಿ ಸಿಗದಾಗ ಸಿಪಾಯಿಗಳು ಕೇರಿಯ ಮನೆಮನೆಗೂ ನುಗ್ಗಿದರು. ಅವಳ ಮನೆಯಲ್ಲಿ ಮರಿಯಮ್ಮ ರೇಷ್ಮೆ ಉಟ್ಟು, ಮಲ್ಲಿಗೆ ಮುಡಿದು, ಪಿಳ್ಳೈಯಾರನ ಪಕ್ಕ ನಿಂತಿದ್ದಳಂತೆ.

"ಇದ್ಯಾರು?" ಅಂದನಂತೆ ನಾಯಕ.

"ನಮ್ಮಮ್ಮ ಸ್ವಾಮಿ. ಪೂಜೆಗೆ ನಿಮ್ದೇ ಅಪ್ಪಣೆ ಇದೆ. ಬೇಕಾದ್ರೆ ನೀವೂ ಕೈ ಮುಗೀರಿ" ಅಂದಳಂತೆ ಅವಳು.

ಅವನು ಟೋಪಿ ಮುಟ್ಟಿ ಹೊರಟನಂತೆ. ಗುರುತಿಲ್ಲದವಳಾದರೆ ಮರ್ಯಾದೆ, ಗುರುತಿನವಳಾದರೆ ಬೆಂಕಿ.

ಮರಿಯಮ್ಮ ನಿನ್ನನ್ನು ಕಾಯಲಿ. ನೀನು ಬೇಡವೆಂದರೂ ಕೇಳುವವಳಲ್ಲ.

ನಿನ್ನ ಅಜ್ಜಿ
ಬ್ರಿಜಿದಾ

ಹಡಗಿನವನು ಕರೆಯುತ್ತಿದ್ದಾನೆ, ಇದೊಂದು ಬರೆದುಬಿಡುತ್ತೇನೆ. ಸಿಪಾಯಿಗಳು ನಮ್ಮ ಮನೆಯನ್ನು ಹುಡುಕಲಿಲ್ಲ. ಬಂದವರೇ ನೇರವಾಗಿ ಅಕ್ಕಿಪೆಟ್ಟಿಗೆ ಸರಿಸಿ, ಹಲಗೆ ಕಿತ್ತು, ಅವಳನ್ನು ಬಚ್ಚಿಡುವ ಹಿಂದಿನ ಗೂಡಿಗೆ ಕೈ ಹಾಕಿದರು. ಆ ಗೂಡು ಕೊರೆದವನು ನೀನು, ದೀಪ ಹಿಡಿದವಳು ನಾನು. ಬೇರೆ ಯಾರಿಗೂ ಅದು ಗೊತ್ತಿರಲಿಲ್ಲ. ಗುಮಾಸ್ತಿಕೆಗೆ ಚರ್ಚೊಂದೇ ಸಾಲಲಿಲ್ಲವೇ, ಗಾಸ್ಪರ್? ಗೂಡಿನ ಗುಟ್ಟನ್ನೂ ಕೊಟ್ಟೆಯಾ? ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅಂತ ನಿನ್ನ ಕೈಯಿಂದಲೇ ಬರೆ. ಗೂಡು ಖಾಲಿಯೇ ಇದೆ, ಹಲಗೆ ಇನ್ನೂ ಮುಚ್ಚಿಲ್ಲ. ಮುಂದಿನ ತಿಂಗಳು ಹುಟ್ಟುವ ಮೊದಲು ನಿನ್ನ ಉತ್ತರ ಇಲ್ಲಿರಬೇಕು.